ಕಾಕು ಕಂಡ ಕಡ್ಡಿಗಳು

ಅಥವಾ ಅದು ಮೂರನೆಯ ಮಹಡಿ ಆಗಿರಲೇ ಇಲ್ಲವೇನೋ. ಮೂರನೆಯದು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ಆ ಮನೆಯೊಳಗಿನಿಂದ ತೆಗೆದ ಫೋಟೋದಲ್ಲಿ ರಸ್ತೆಯ ದೀಪಗಳು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗಿವೆ. ಮೂರನೆಯ ಮಹಡಿಯ ಕಿಟಕಿಯಿಂದ ನೋಡಿದರೆ ಅವು ಇನ್ನೂ ಕೆಳಗಿರಬೇಕಿತ್ತು. ಮೆಟ್ಟಿಲು ಹತ್ತಿದ ಕಾಲುಗಳ ನೆನಪು ಮೂರು ಎನ್ನುತ್ತದೆ, ಫೋಟೋದ ಕಾಗದ ಎರಡು ಎನ್ನುತ್ತದೆ. ಕಾಗದವನ್ನೇ ನಂಬೋಣ ಎಂದರೆ ಅದನ್ನು ತಯಾರಿಸಿದವನು ನಾನೇ, ಎರಡು ನೆಗೆಟಿವ್ ಸೇರಿಸಿ. ಅಂಥ ಫೋಟೋ ಸಾಕ್ಷಿ ಹೇಳಲು ಯೋಗ್ಯವಲ್ಲ.

ಬಿಲ್ಡಿಂಗ್ ಇದ್ದದ್ದು ಆಂಟಾಪ್ ಹಿಲ್‌ನಲ್ಲಿ, ಇದರಲ್ಲಿ ಅನುಮಾನವಿಲ್ಲ. ಎಂಬತ್ತರ ದಶಕದ ನಡುವಿನ ಎರಡು ಮೂರು ವರ್ಷ ನಾನು ಅಲ್ಲಿ ಧಾರವಾಡದ ಕಡೆಯ ಗಂಡ ಹೆಂಡತಿಯ ಮನೆಯಲ್ಲಿ ಇದ್ದೆ. ಮೈಸೂರಿನಿಂದ ಬಂದವನು, ಗೋರೆಗಾಂವ್‌ನ ಒಂದು ಯಂತ್ರ ಕಾರ್ಖಾನೆಯಲ್ಲಿ ಸಹಾಯಕ ಫೋಟೋಗ್ರಾಫರ್. ಮನೆಯ ಯಜಮಾನರು ವಿಮಾ ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೊದಲ ದಿನ ನಾನು ಅಂಕಲ್ ಎಂದದ್ದಕ್ಕೆ ಅವರ ಹೆಂಡತಿ ಒಳಗಿನಿಂದಲೇ ಹೇಳಿದರು: "ಅಂಕಲ್ ಗಿಂಕಲ್ ಬ್ಯಾಡ. ಅವರಿಗೆ ಕಾಕಾ ಅನ್ನು, ನನಗ ಕಾಕು ಅನ್ನು. ಊಟಕ್ಕ ಎರಡು ಚಪಾತಿ ಹೆಚ್ಚು ಸಿಗ್ತಾವ." ಹಾಗೆಯೇ ಸಿಕ್ಕವು.

ಕಾಕುವಿಗೆ ನೋಡಲು ಇದ್ದದ್ದು ಒಂದೇ ಕಣ್ಣು. ಎಡಗಣ್ಣು ಚಿಕ್ಕಂದಿನಿಂದ ಮಂದ, ಬೆಳಕು ಕತ್ತಲೆ ಬಿಟ್ಟರೆ ಏನೂ ತಿಳಿಯದು. ಇದ್ದ ಬಲಗಣ್ಣಿಗೆ ಪೊರೆ ಬಂತು. ತೆಗೆಸಬೇಕಿತ್ತು, ಅವರು ಒಪ್ಪುತ್ತಿರಲಿಲ್ಲ. ಕೊನೆಗೆ ಒಪ್ಪಿದರು. ನಾನು ಬರೆಯಹೊರಟಿರುವುದು ಅವರು ಒಪ್ಪಿದ ಸಂಗತಿಯನ್ನು.

ಅದು ಪೊರೆ ಎಂಬುದೇ ಮೊದಲ ಒಂದು ವರ್ಷ ಯಾರಿಗೂ ಗೊತ್ತಾಗಲಿಲ್ಲ. ತಪ್ಪು ಒಂದು ಪದದ್ದು. ಸಂಜೆ ರಸ್ತೆಯ ದೀಪ ಹತ್ತುವ ಹೊತ್ತಿಗೆ ಕಾಕು ಕಿಟಕಿಯ ಬಳಿ ನಿಂತು, "ಇವತ್ತ ಕಡ್ಡಿ ಭಾಳ ಆಗ್ಯಾವ ನೋಡ್ರಿ" ಎನ್ನುತ್ತಿದ್ದರು. ಕಣ್ಣಿನ ವಿಷಯದಲ್ಲಿ ಕಡ್ಡಿ ಎಂದರೆ ಧಾರವಾಡದಲ್ಲೂ ಮೈಸೂರಿನಲ್ಲೂ ಒಂದೇ ಅರ್ಥ: ಏನೋ ಬಿದ್ದಿದೆ, ತೆಗೆಯಬೇಕು. ಕಾಕಾ ಪೇಪರ್ ಮಡಚಿಟ್ಟು ಎದ್ದು ಬರುತ್ತಿದ್ದರು. ಧೋತರದ ತುದಿಯನ್ನು ಉಂಡೆ ಮಾಡಿ, ಬಾಯಿಯಿಂದ ಬಿಸಿಗಾಳಿ ಊದಿ, ಹೆಂಡತಿಯ ಕಣ್ಣಿಗೆ ಮೆಲ್ಲಗೆ ಒತ್ತುತ್ತಿದ್ದರು.

"ಹೋತೇನು?"

"ಇಲ್ರಿ."

"ಎಲ್ಲಿ ಚುಚ್ಚತದ?"

"ಚುಚ್ಚಂಗಿಲ್ರಿ. ಕಾಣ್ತಾವ."

"ಕಾಣ್ತಾವ ಅಂದ್ರ ಇನ್ನೂ ಒಳಗ ಅವ. ಮ್ಯಾಲೆ ನೋಡು."

ಹೀಗೆ ಎಷ್ಟೋ ಸಂಜೆಗಳು. ಹರಳೆಣ್ಣೆಯ ಒಂದೊಂದು ಹನಿ ಹಾಕಿದ್ದಾಯಿತು. ನಾನು ಔಷಧದಂಗಡಿಯಿಂದ ಕಣ್ಣು ತೊಳೆಯುವ ಪುಟ್ಟ ಗಾಜಿನ ಬಟ್ಟಲು ತಂದುಕೊಟ್ಟೆ. ಕಾಕು ಎಲ್ಲದಕ್ಕೂ ತಲೆ ಬಾಗಿಸುತ್ತಿದ್ದರು. ಗಂಡ ಕಣ್ಣಿಗೆ ಗಾಳಿ ಊದುವುದು ಅವರಿಗೆ ಇಷ್ಟವಾಗಿತ್ತೋ ಏನೋ, ಈಗ ಹಾಗನ್ನಿಸುತ್ತದೆ. ಆಗ ನಾನು ಅದನ್ನೆಲ್ಲ ಗಮನಿಸುವವನಾಗಿರಲಿಲ್ಲ.

ನಿಜ ತಿಳಿದದ್ದು ಒಂದು ಉಪ್ಪಿನಕಾಯಿ ಭರಣಿಯಿಂದ. ಕಾರ್ಖಾನೆಯಲ್ಲಿ ರಿಜೆಕ್ಟ್ ಆದ ಪ್ರಿಂಟುಗಳನ್ನು ನಾನು ಮನೆಗೆ ತರುತ್ತಿದ್ದೆ. ಕಾಗದ ದಪ್ಪ, ಬೇಗ ನೆನೆಯುವುದಿಲ್ಲ. ಕಾಕು ಅದನ್ನು ದುಂಡಗೆ ಕತ್ತರಿಸಿ ಭರಣಿಯ ಮುಚ್ಚಳದ ಕೆಳಗೆ ಕೂರಿಸುತ್ತಿದ್ದರು. ಆ ವಾರ ನಾನು ಕಾರ್ಖಾನೆಯ ಅಂಗಳವನ್ನು ಸಂಜೆಯ ಹೊತ್ತಿನಲ್ಲಿ ತೆಗೆದಿದ್ದೆ. ಹತ್ತಿರದ ಯಂತ್ರವೂ ದೂರದ ಗೋಡೆಯೂ ಎರಡೂ ಸ್ಪಷ್ಟವಾಗಿ ಬರಲಿ ಎಂದು ಲೆನ್ಸಿನ ಕಿಂಡಿಯನ್ನು ಆದಷ್ಟು ಸಣ್ಣದು ಮಾಡಿದ್ದೆ. ಗೋಡೆ ಅಂದುಕೊಂಡಷ್ಟು ಸ್ಪಷ್ಟವಾಗಲಿಲ್ಲ. ಮೇಲಾಗಿ ಕಂಬದ ದೀಪಗಳಿಗೆಲ್ಲ ಆರಾರು ಕಿರಣ ಬಂದಿದ್ದವು. ನನ್ನ ಮೇಲಿನವರು, "ದೀಪಕ್ಕೆ ಮೀಸೆ ಯಾಕೆ?" ಎಂದು ಅದನ್ನು ಪಕ್ಕಕ್ಕೆ ಎಸೆದಿದ್ದರು.

ಕಾಕು ಕತ್ತರಿ ಹಿಡಿದವರು ನಿಂತರು. ಪ್ರಿಂಟನ್ನು ಮೂಗಿನ ಹತ್ತಿರ ತಂದು ನೋಡಿದರು.

"ಇಲ್ನೋಡ್ರಿ. ಇವ ಕಡ್ಡಿ."

"ಯಾವ?" ಎಂದರು ಕಾಕಾ.

"ನಾ ದಿನಾ ಹೇಳ್ತೀನಲ್ಲ, ದೀಪಕ್ಕ ಕಡ್ಡಿ ಬರ್ತಾವ ಅಂತ. ಇವ. ಈ ತಮ್ಮನ ಕ್ಯಾಮೆರಾಕ್ಕೂ ಬಂದಾವ. ಎಲ್ಲಾರಿಗೂ ಹಿಂಗ ಕಾಣ್ತದಲ್ಲ?"

ಕಾಕಾ ಪ್ರಿಂಟನ್ನು ನೋಡಿದರು, ಕಿಟಕಿಯಾಚೆ ನೋಡಿದರು, ಆಮೇಲೆ ತಮ್ಮ ಧೋತರದ ತುದಿಯನ್ನು. ಒಂದು ವರ್ಷ ಏನನ್ನು ತೆಗೆಯಲು ಊದುತ್ತಿದ್ದೆ ಎಂದು ಅವರಿಗೆ ಅರ್ಥವಾದ ಕ್ಷಣ ಅದು. "ಇಲ್ಲ," ಎಂದರು ನಿಧಾನಕ್ಕೆ, "ಎಲ್ಲಾರಿಗೂ ಕಾಣಂಗಿಲ್ಲ."

ಕಣ್ಣಿನ ಡಾಕ್ಟರು ಪೊರೆಗೆ ಮರಾಠಿಯಲ್ಲಿ ಮೋತಿಬಿಂದು ಎಂದರು. "ಮೋತಿ ಅಂದ್ರ ಮುತ್ತು, ಹೆಸರು ಎಷ್ಟ ಚಂದ ಇಟ್ಟಾರ," ಎಂದರು ಕಾಕು ಹೊರಗೆ ಬಂದು. ಆ ಕಾಲಕ್ಕೆ ಪೊರೆ ತೆಗೆಯುವುದೆಂದರೆ ಕಣ್ಣೊಳಗಿನ ಮಸೂರವನ್ನೇ ತೆಗೆಯುವುದು, ಹೊಲಿಗೆ, ಪಟ್ಟಿ, ಕೆಲವು ವಾರದ ನಂತರ ದಪ್ಪ ಕನ್ನಡಕ. ಮಳೆಗಾಲ ಮುಗಿದ ಮೇಲೆ ಮಾಡೋಣ, ಬಹಳ ತಡಮಾಡಬೇಡಿ ಎಂದಿದ್ದರು ಡಾಕ್ಟರು. ಇರುವುದು ಒಂದೇ ಕಣ್ಣು, ಕೈ ತಪ್ಪಿದರೆ ಏನೂ ಉಳಿಯುವುದಿಲ್ಲ ಎಂಬ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಕಾಕು ಅದರ ಬದಲಿಗೆ ಬೇರೆಯೇ ಒಂದು ಮಾತು ಹೇಳಿದರು, ನನಗೆ.

"ಆಪರೇಶನ್ ಆದ ಮ್ಯಾಲೆ ಕಡ್ಡಿ ಇರಂಗಿಲ್ಲಂತ. ನನಗ ಅವು ರೂಢಿ ಆಗ್ಯಾವ. ದಿನಾ ದೀಪಾವಳಿ ಇದ್ದಂಗ. ನೀ ನನ್ನ ಕಡ್ಡಿ ಫೋಟೋ ತಗದು ಕೊಡು ತಮ್ಮಾ, ನನಗ ಕಂಡಂಗ. ಅದು ಕೈಯಾಗ ಬರ್ಲಿ, ಆಮ್ಯಾಲೆ ನಡೀ ಅಂದಲ್ಲೆ ಬರ್ತೀನಿ."

ಮಾತು ಕೊಟ್ಟೆ. ಒಂದು ಸಂಜೆಯ ಕೆಲಸ ಎಂದುಕೊಂಡಿದ್ದೆ.

ಇಲ್ಲಿ ಲೆನ್ಸಿನ ವಿಷಯ ಸ್ವಲ್ಪ ಹೇಳಬೇಕು. ಅಗಲ ಬಾಗಿಲಿನಿಂದ ಬರುವ ಬೆಳಕು ನೆಟ್ಟಗೆ ಬರುತ್ತದೆ. ಸಣ್ಣ ಕಿಂಡಿಯಿಂದ ನುಸುಳಬೇಕಾದಾಗ ಅಂಚಿನಲ್ಲಿ ಬಾಗಿ ಚೆದುರುತ್ತದೆ. ಕಾಲೇಜಿನ ಪುಸ್ತಕದಲ್ಲಿ ಇದಕ್ಕೆ ವಿವರ್ತನೆ ಎಂದಿತ್ತು, ಪರೀಕ್ಷೆಗೆ ಬರೆದು ಮರೆತಿದ್ದೆ. ಲೆನ್ಸಿನ ಕಿಂಡಿಯನ್ನು ಕಿರಿದು ಮಾಡುವುದು ತೆಳು ಲೋಹದ ಎಲೆಗಳು, ಒಂದರ ಮೇಲೊಂದು ಜಾರಿಕೊಂಡು. ಒಂದೊಂದು ಎಲೆಯ ನೇರ ಅಂಚೂ ಎರಡು ಕಡೆಗೆ ಒಂದೊಂದು ಕಡ್ಡಿ ಎಸೆಯುತ್ತದೆ. ಆರು ಎಲೆಗಳಿದ್ದರೆ ಎದುರುಬದುರಿನವು ಒಂದರ ಮೇಲೊಂದು ಕೂತು ಆರೇ ಕಾಣುತ್ತವೆ. ಐದು ಇದ್ದರೆ ಎದುರಿಗೆ ಜೋಡಿಯಿಲ್ಲದೆ ಹತ್ತೂ ಬೇರೆಬೇರೆ ನಿಲ್ಲುತ್ತವೆ. ಹಗಲಿನಲ್ಲೂ ಹೀಗೇ ಚೆದುರುತ್ತಿರುತ್ತದೆ, ಎಲ್ಲ ಕಡೆ ಬೆಳಕಿರುವುದರಿಂದ ತಿಳಿಯುವುದಿಲ್ಲ, ಚಿತ್ರ ಸ್ವಲ್ಪ ಮಂಕಾಗುತ್ತದೆ ಅಷ್ಟೆ. ಸುತ್ತ ಕತ್ತಲಿದ್ದು ನಡುವೆ ಒಂದು ಪ್ರಖರ ಬಿಂದು ಇದ್ದಾಗ ಮಾತ್ರ ಕಡ್ಡಿ ಕಣ್ಣಿಗೆ ಬೀಳುತ್ತದೆ.

ಕಾಕುವಿಗೆ ಲೆನ್ಸಿನ ಉಂಗುರ ತಿರುಗಿಸಿ ತೋರಿಸಿದೆ. ಅದರ ಮೇಲಿನ ಇಪ್ಪತ್ತೆರಡರ ಅಂಕಿಗೆ ಬಂದಾಗ ಸೂಜಿಯಷ್ಟು ತೂತು.

"ಅಂಕಿ ದೊಡ್ಡದಾದ್ರ ತೂತು ಸಣ್ಣದೇನು? ಯಾರ ಗಣಿತ ಇದು?"

"ಎಲ್ಲ ಲೆನ್ಸಲ್ಲೂ ಹಾಗೇ ಕಾಕು."

"ನಿಮ್ಮ ಕಾಕಾನ ಆಫೀಸಿನಾಗೂ ಹಂಗ ಇತ್ತು. ಹುದ್ದೆ ದೊಡ್ಡದು, ಕೆಲಸ ಸಣ್ಣದು."

ಕಾಕಾ ಪೇಪರ್ ಕೆಳಗಿಳಿಸಲಿಲ್ಲ.

ಮೊದಲ ಫೋಟೋಗೆ ಕಾರ್ಖಾನೆಯ ಲೆನ್ಸು. ಆರು ಕಡ್ಡಿ. ಕಾಕು ಬೆರಳಿಟ್ಟು ಎಣಿಸಿ, "ನನ್ನವು ಇನ್ನೂ ಜಾಸ್ತಿ ಅವ," ಎಂದರು. ವಡಾಳಾದಿಂದ ಬಾಂದ್ರಾ, ಅಲ್ಲಿ ಇಳಿದು ಬೋರಿವಲಿಯ ಲೋಕಲ್ ಹಿಡಿದು ಗೋರೆಗಾಂವ್, ಇದು ನನ್ನ ದಿನದ ದಾರಿ. ಬಾಂದ್ರಾದಲ್ಲಿ ಮಂಗಳೂರು ಕಡೆಯ ಒಬ್ಬರು ಮದುವೆ ಫೋಟೋ ಸ್ಟುಡಿಯೋ ಇಟ್ಟಿದ್ದರು. ಅವರ ಹತ್ತಿರ ಎಂಟು ಎಲೆಯ ಹಳೆಯ ಲೆನ್ಸ್ ಇತ್ತು. ಕೇಳಲು ಹೋದಾಗ ಅವರು ಕಥೆಯನ್ನೆಲ್ಲ ಕೇಳಿ ಗಡ್ಡ ಕೆರೆದುಕೊಂಡರು.

"ಅಲ್ಲ ಮಾರಾಯ್ರೆ, ಲೆನ್ಸು ಯಾಕೆ? ನಿಮ್ಮ ಕಾಕುವಿಗೆ ಎಷ್ಟು ಕಡ್ಡಿ ಬೇಕು ಕೇಳಿ. ನೆಗೆಟಿವಿನ ಮೇಲೆ ಸೂಜಿಯಲ್ಲಿ ಗೀರಿ ಕೊಡುವ. ಮದುಮಗಳ ಮೂಗುತಿಗೆ ನಾನು ಹಾಗೆಯೇ ಮಾಡುವುದು."

"ಬೇಡ. ಅದು ಸುಳ್ಳಾಗುತ್ತದೆ."

"ಇದೇನು ಸತ್ಯವಾ? ಇರಲಿ, ತಗೊಂಡು ಹೋಗಿ. ಬೀಳಿಸಬೇಡಿ, ಡಿಸೆಂಬರಿನಲ್ಲಿ ಮದುವೆ ಉಂಟು."

ಎಂಟು ಕಡ್ಡಿ ಬಂದವು. ಕಾಕು ಬಹಳ ಹೊತ್ತು ನೋಡಿ, "ಎಂಟು ಸರಿ ಅನಸ್ತದ. ಆದ್ರ ಎಲ್ಲಾ ಒಂದ ಅಳತೀವು. ನನ್ನವು ಒಂದು ಉದ್ದ, ಒಂದು ಗಿಡ್ಡ," ಎಂದರು. ಲೆನ್ಸ್ ವಾಪಸು ಹೋಯಿತು. ಕಾರ್ಖಾನೆಯ ಸಹೋದ್ಯೋಗಿಯಿಂದ ಐದು ಎಲೆಯದು ತಂದೆ, ಹತ್ತು ಕಡ್ಡಿ. "ಇದು ರಂಗೋಲಿ ಆತು," ಎಂದರು. ಕಿಂಡಿಯ ಮುಂದೆ ಬ್ಲೇಡಿನ ಚೂರು ಅಂಟಿಸಿ ಒಂದು ಕಡ್ಡಿಯನ್ನು ಉದ್ದ ಮಾಡಿದೆ. "ಉದ್ದ ಸರಿ. ದಿಕ್ಕು ಇದಲ್ಲ." ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ, ದಿಕ್ಕು, ಉದ್ದ, ಎಷ್ಟು ಸೆಕೆಂಡ್. ಪೊರೆ ತರುವ ಕಡ್ಡಿಗೆ ಕಾರಣವೇ ಬೇರೆ, ಅದನ್ನು ಯಾವ ಲೆನ್ಸಿನ ಎಲೆಗಳೂ ಹಾಗೆಯೇ ತೋರಿಸಲಾರವು ಎಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹುಡುಕುವುದನ್ನು ಬಿಡುತ್ತಿರಲಿಲ್ಲ ಅನ್ನಿಸುತ್ತದೆ.

ಗಣಪತಿ ಬಂದು ಹೋದ, ಮಳೆಯೂ ನಿಂತಿತು. ಡಾಕ್ಟರು ಕೊಟ್ಟ ದಿನ ಒಮ್ಮೆ ತಪ್ಪಿತು, ಇನ್ನೊಮ್ಮೆ ತಪ್ಪಿತು. "ಫೋಟೋ ಆಗಿಲ್ಲಲ್ರಿ ಇನ್ನೂ," ಎನ್ನುತ್ತಿದ್ದರು ಕಾಕು.

ಒಂದು ಬೆಳಿಗ್ಗೆ ಕಾಕಾ ನನ್ನ ಜೊತೆ ವಡಾಳಾ ಸ್ಟೇಷನ್ನಿನವರೆಗೆ ನಡೆದು ಬಂದರು. ಇಲ್ಲ, ಬಿಲ್ಡಿಂಗಿನ ಮೆಟ್ಟಿಲ ಮೇಲೇ ಮಾತಾಡಿದರೋ ಏನೋ. ಮಾತಿನ ಹಿಂದೆ ಗಾಡಿ ಬರುವ ಸದ್ದು ಕೇಳಿಸುತ್ತದೆ ನನಗೆ, ಅದಕ್ಕೇ ಸ್ಟೇಷನ್ ಅನ್ನುತ್ತಿದ್ದೇನೆ.

"ತಪ್ಪ ತಿಳೀಬ್ಯಾಡ," ಎಂದರು. "ಅಕಿ ಲೆಕ್ಕ ಬದಲಿ ಮಾಡ್ತಾಳ. ಮೊನ್ನೆ ಎಂಟು ಅಂದ್ಲು, ನಿನ್ನೆ ನನ್ನ ಮುಂದ ಏಳು ಅಂದ್ಲು. ಅಕಿಗೆ ಕಡ್ಡಿ ಬೇಕಾಗಿಲ್ಲೋ. ಹೊತ್ತು ಬೇಕಾಗೇದ."

ನಾನು ಲೆನ್ಸಿದ್ದ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದೆ.

"ನಿನಗೂ ಮಜಾ ಬರ್ಲಿಕ್ಕತ್ತದ. ಅದಕ್ಕ ಇಬ್ಬರದೂ ನಡದದ."

ಅದು ನಿಜವಾಗಿತ್ತು. ನಾಚಿಕೆಯಾಯಿತು.

"ನಿನ್ನೆ ಚಹಾ ತಂದ್ಲು. ನಾ ಕಿಟಕಿ ಕುರ್ಚಿಯಾಗ ಕೂತಿದ್ದೆ. ಕಪ್ಪು ನನ್ನ ಕೈಗೆ ಕೊಡಲಿಲ್ಲ, ನನ್ನ ಪಕ್ಕ ಗಾಳಿಗೆ ಕೊಟ್ಲು. ಚಹಾ ಚೆಲ್ಲಿತು. ನಾನ ಕೈ ತಪ್ಪಿಸಿದೆ ಅಂತ ಹೇಳಿದೆ." ನನ್ನ ತೋಳು ಹಿಡಿದು, "ಲಗೂ ಮುಗಸು, ತಡಾ ಮಾಡಬ್ಯಾಡ," ಎಂದರು.

ಆ ದಿನ ಲೋಕಲ್‌ನಲ್ಲಿ ನಿಂತುಕೊಂಡೇ ನನಗೆ ಹೊಳೆದದ್ದು, ನಾವು ಇಷ್ಟು ತಿಂಗಳು ಕಿಟಕಿಯಾಚೆಯನ್ನಷ್ಟೇ ತೆಗೆಯುತ್ತಿದ್ದೇವೆ ಎಂಬುದು. ಕಿಟಕಿಯ ಈಚೆ ಕೂತ ಮನುಷ್ಯ ಒಂದು ಫೋಟೋದಲ್ಲೂ ಇಲ್ಲ. ಇದ್ದರೂ ಬರುತ್ತಿರಲಿಲ್ಲ. ಹೊರಗಿನ ದೀಪಕ್ಕೆ ಸರಿಹೋಗುವಂತೆ ತೆಗೆದರೆ ಕೋಣೆ ಕರ್ರಗೆ, ಕೋಣೆಗೆ ಸರಿಮಾಡಿದರೆ ಕಿಟಕಿ ಬರೀ ಬಿಳುಪು. ಫಿಲ್ಮಿಗೆ ಎರಡನ್ನೂ ಒಟ್ಟಿಗೆ ಹಿಡಿಯುವ ಶಕ್ತಿಯಿಲ್ಲ. ಕಾಕುವಿನ ಕಣ್ಣಿಗೂ ಇರಲಿಲ್ಲ. ಕಾಕಾ ದಿನವಿಡೀ ಕೂರುತ್ತಿದ್ದುದೇ ಆ ಕುರ್ಚಿಯಲ್ಲಿ, ಬೆನ್ನಿಗೆ ಕಿಟಕಿಯ ಬೆಳಕು.

ಶನಿವಾರ ಸಂಜೆ. ಬಾಂದ್ರಾದ ಎಂಟು ಎಲೆಯ ಲೆನ್ಸನ್ನೇ ಮತ್ತೆ ತಂದಿದ್ದೆ, ಹೊಸದು ಹುಡುಕಲು ಹೋಗಲಿಲ್ಲ. ಕ್ಯಾಮೆರಾ ಸ್ಟ್ಯಾಂಡನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ, ಕಾಲುಗಳು ಅಲುಗಾಡದಂತೆ ಅಕ್ಕಿ ಡಬ್ಬಿ ಒತ್ತಿಟ್ಟೆ. ಕುರ್ಚಿಯನ್ನು ಕಿಟಕಿಯ ಪಕ್ಕದ ಗೋಡೆಗೆ ಸ್ವಲ್ಪ ಸರಿಸಿ ಕಾಕಾನ ತಲೆಯನ್ನು ಗೋಡೆಗೆ ಒರಗಿಸಿದೆ. ಒಂದು ಸಲ ಹೊರಗಿನ ದೀಪಗಳಿಗೆ, ಕಿಂಡಿ ಸಣ್ಣದು ಮಾಡಿ. ಇನ್ನೊಂದು ಸಲ ಕೋಣೆಗೆ, ಕಿಂಡಿ ಪೂರ್ತಿ ತೆರೆದು. ನಡುವೆ ಏನೂ ಅಲುಗಬಾರದು.

"ಉಸಿರಾಡಬಹುದೇನು?" ಎಂದರು ಕಾಕಾ.

"ಮೊದಲನೆಯದಕ್ಕೆ ಆಡಿ. ಅದರಲ್ಲಿ ನೀವು ಬರೋದಿಲ್ಲ."

"ಮತ್ತ ನಾ ಯಾಕ ಕೂಡಬೇಕು?"

"ಎರಡನೆಯದಕ್ಕೆ ಬರ್ತೀರಿ."

ಮೊದಲನೆಯದಕ್ಕೆ ಕಲ್ಲಿನಂತೆ ಕೂತಿದ್ದವರು ಎರಡನೆಯದಕ್ಕೆ ಸರಿಯಾಗಿ ಮೂಗು ಕೆರೆದುಕೊಂಡರು. ಮತ್ತೊಮ್ಮೆ ತೆಗೆದೆ. ಒಲೆಯ ಮುಂದಿದ್ದ ಕಾಕು, "ಇವರು ಮದುವಿ ಫೋಟೋದಾಗೂ ಅಲುಗ್ಯಾರ. ಅದರಾಗ ಎರಡು ತಲಿ ಅವ," ಎಂದರು. "ಎರಡರಾಗ ಒಂದನ್ನ ಆರಿಸಿಕೊಂಡ್ಯಲ್ಲ, ಸಾಕು," ಎಂದರು ಕಾಕಾ ತುಟಿ ಅಲುಗಿಸದೆ.

ಗೋರೆಗಾಂವ್‌ನಲ್ಲಿ ಊಟದ ಬಿಡುವಿನಲ್ಲಿ, ನಾಲ್ಕೈದು ಮಧ್ಯಾಹ್ನ ಡಾರ್ಕ್‌ರೂಮಿನೊಳಗೆ ಕಳೆದೆ. ಕಿಟಕಿಯ ಆಕಾರಕ್ಕೆ ರಟ್ಟು ಕತ್ತರಿಸಿದೆ. ಮೊದಲ ನೆಗೆಟಿವಿನಿಂದ ಕಿಟಕಿಯಷ್ಟೇ ಕಾಗದಕ್ಕೆ, ಆಮೇಲೆ ಅದನ್ನು ಮುಚ್ಚಿ ಎರಡನೆಯದರಿಂದ ಕೋಣೆ. ಪೆನ್ಸಿಲ್ ಗುರುತು ಎಷ್ಟು ಸರಿಯಾಗಿ ಹಾಕಿದರೂ ಕಿಟಕಿಯ ಚೌಕಟ್ಟು ಕೂದಲೆಳೆಯಷ್ಟು ಸರಿದು ಎರಡಾಗಿ ಕಾಣುತ್ತಿತ್ತು. ಕೊನೆಗೆ ಒಂದು ಕಾಗದದಲ್ಲಿ ಹೆಚ್ಚುಕಡಿಮೆ ಕೂತಿತು. ಕಪ್ಪಾಗುತ್ತಿರುವ ಆಕಾಶ, ಎಂಟೆಂಟು ಕಡ್ಡಿಯ ದೀಪಗಳು, ಈಚೆ ಗೋಡೆ, ಕ್ಯಾಲೆಂಡರ್, ಕುರ್ಚಿ, ಕಾಕಾನ ಮುಖ. ಒಟ್ಟಿಗೆ ಯಾರೂ ಕಂಡಿರದ ಕೋಣೆ ಅದು, ಅಲ್ಲಿ ಕೂತಿದ್ದ ನಾವು ಮೂವರೂ ಸೇರಿದಂತೆ.

ಕಾಕುವಿಗೆ ಕೊಟ್ಟಾಗ ಹಗಲಿತ್ತು. ಭಾನುವಾರವಿರಬೇಕು, ಕಾಕಾ ಸ್ನಾನ ಮುಗಿಸಿ ಬಂದಿದ್ದರು. ಕಾಕು ಬಾಗಿಲ ಬೆಳಕಿಗೆ ಹೋಗಿ, ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು, ಪತ್ರ ಓದುವವರಂತೆ ಮೂಲೆಯಿಂದ ಶುರುಮಾಡಿದರು. ಬೆರಳು ದೀಪದಿಂದ ದೀಪಕ್ಕೆ ಹೋಯಿತು. ಚೌಕಟ್ಟು ದಾಟಿತು. ನಿಂತಿತು.

"ಇವರು ಯಾಕ ಇಷ್ಟು ಸೊರಗ್ಯಾರ?"

ಬೆರಳು ಸ್ವಲ್ಪ ಕೆಳಗೆ ಜಾರಿತು.

"ಮೀಸಿ ಪೂರಾ ಬೆಳ್ಳಗಾಗೇದಲ್ರಿ. ಯಾವಾಗ?"

"ಆಗಿ ಒಂದು ವರ್ಷ ಆತು," ಎಂದರು ಕಾಕಾ.

"ಹೇಳಬೇಕಿಲ್ಲೇನು?"

"ಮೀಸಿ ಬೆಳ್ಳಗಾತು ಅಂತ ಹೆಂಡತಿಗೆ ಅರ್ಜಿ ಕೊಡಬೇಕೇನು?"

ಕಾಕು ನಗಲಿಲ್ಲ. ಫೋಟೋ ಬಿಟ್ಟು ಗಂಡನ ಕಡೆ ತಿರುಗಿದರು. ಅವರು ಅಷ್ಟರಲ್ಲಿ ಕಿಟಕಿಯ ಕುರ್ಚಿಯಲ್ಲಿ ಕೂತಾಗಿತ್ತು. ಕಾಕು ಮತ್ತೆ ಫೋಟೋ ನೋಡಿದರು. ಹೀಗೆ ಎರಡು ಮೂರು ಸಲ.

ನಾನು ಕೇಳಿದೆ: "ಕಡ್ಡಿ ಸರಿಯಾಗಿ ಬಂದಿವೆಯಾ ಕಾಕು?"

"ಹೂಂ. ಇವ," ಎಂದರು. ಆಮೇಲೆ ಕಾಕಾಗೆ, "ಡಾಕ್ಟರಿಗೆ ಕೇಳ್ರಿ, ಈ ವಾರ ಆಗ್ತದೇನು ಅಂತ."

ಆ ವಾರ ಆಗಲಿಲ್ಲ, ಮುಂದಿನ ವಾರ ಆಯಿತು. ಕಾಕು ಪಟ್ಟಿ ಕಟ್ಟಿಕೊಂಡು ಮಲಗಿದ್ದ ದಿನಗಳಲ್ಲಿ ಕಾಕಾ ಅಡುಗೆ ಮಾಡಿದರು. ಸಾರಿಗೆ ಉಪ್ಪು ಹಾಕಿದ್ದಾರೋ ಇಲ್ಲವೋ ಎಂಬುದೊಂದೇ ಆ ಮನೆಯಲ್ಲಿ ಜಗಳ. ಅವರು ಮಂಚದ ಪಕ್ಕ ಕೂತು ಪೇಪರನ್ನು ಜೋರಾಗಿ ಓದುತ್ತಿದ್ದರು, ಕಾಕು ಪ್ರತಿ ಸುದ್ದಿಗೂ "ಆಮ್ಯಾಲೆ?" ಎನ್ನುತ್ತಿದ್ದರು. ಪಟ್ಟಿ ಬಿಚ್ಚುವ ದಿನ ನಾನು ರಜೆ ಹಾಕಿದ್ದೆ. ಡಾಕ್ಟರು ಎಷ್ಟು ಬೆರಳು ಎಂದರು, ಕಾಕು ಸರಿಯಾಗಿ ಹೇಳಿದರು. ಕಾಕಾ ಹೊರಗೆ ಹೋಗಿ ನೀರು ಕುಡಿದು ಬಂದರು.

ದಪ್ಪ ಕನ್ನಡಕ ಬಂದದ್ದು ಇನ್ನೂ ಕೆಲವು ವಾರದ ಮೇಲೆ. ಅದನ್ನು ಹಾಕಿಕೊಂಡ ಮೊದಲ ಸಂಜೆ ಕಾಕು ಕಿಟಕಿಯ ಬಳಿ ನಿಂತರು. ದೀಪಗಳು ಹತ್ತಿದವು.

"ಉಂಡಿ ಉಂಡಿ ಆಗ್ಯಾವ," ಎಂದರು. ಆಮೇಲೆ ಕುರ್ಚಿಯ ಕಡೆ ತಿರುಗಿ ಗಂಡನನ್ನು ನೋಡಿದರು, ಅವಸರವಿಲ್ಲದೆ. "ಫೋಟೋದಾಗಿಂತ ಚಲೋ ಅದೀರಿ. ಊಟ ಮಾತ್ರ ಸರಿಯಾಗಿ ಮಾಡ್ರಿ."

ನಾನು ತಡೆದುಕೊಳ್ಳಲಾರದೆ ಫೋಟೋ ತಂದು ಹಿಡಿದೆ. ನಿಮ್ಮ ಕಡ್ಡಿ ನಿಜವಾಗಿ ಹೀಗೇ ಇದ್ದವಾ ಎಂದು ಕೇಳಿದೆ. ಕಾಕು ಕನ್ನಡಕದೊಳಗಿಂದ ಎಂಟು ಕಡ್ಡಿಗಳನ್ನೂ ನೋಡಿದರು.

"ಇದ್ದಿರಬಹುದು ತಮ್ಮಾ. ಈಗ ನನಗ ಹ್ಯಾಂಗ ಗೊತ್ತಾಗಬೇಕು?"

ಅದು ಅವರು ಹಿಂದೆ ಒಮ್ಮೆ ಬೇಡವೆಂದಿದ್ದ ಲೆನ್ಸೇ, ಅದೇ ಎಂಟು, ಅದೇ ಒಂದೇ ಅಳತೆಯ ಕಡ್ಡಿಗಳು. ಹೂಂ ಎಂದಾಗ ಅವರ ಬೆರಳು ದೀಪಗಳ ಮೇಲಿರಲಿಲ್ಲ, ಕಾಕಾನ ಮುಖದ ಮೇಲಿತ್ತು ಎಂದು ನನಗೆ ನೆನಪಿದೆ. ಆ ನೆನಪು ನಂತರ ನಾನು ಸೇರಿಸಿಕೊಂಡದ್ದೂ ಇರಬಹುದು. ಕಾಕಾನ ಮುಖ ನೋಡಿ ಒಪ್ಪಿದರೋ, ಹೆದರಿ ಸಾಕಾಗಿತ್ತೋ, ಇಷ್ಟು ತಿಂಗಳು ಲೆನ್ಸು ಹೊತ್ತು ತಿರುಗಿದ ನನ್ನ ಮೇಲೆ ಮರುಕ ಬಂತೋ, ಅಥವಾ ಕಡ್ಡಿಗಳು ನಿಜವಾಗಿಯೂ ಹಾಗೆಯೇ ಇದ್ದವೋ, ನನಗೆ ಗೊತ್ತಿಲ್ಲ. ಆಮೇಲೂ ಒಂದು ವರ್ಷ ಅದೇ ಮನೆಯಲ್ಲಿದ್ದೆ. ಇನ್ನೊಮ್ಮೆ ಕೇಳಲಿಲ್ಲ.